ಧರ್ಮಯೋಧೆಯ ರವಿಕೆ

ಎರಡು ವರ್ಷದಲ್ಲಿ ನಾನು ಹದಿನೇಳು ಹಳ್ಳಿಗಳನ್ನು ರಾಕ್ಷಸರಿಂದ ಬಿಡಿಸಿದ್ದೇನೆ, ಒಂದೇ ಒಂದು ಸುಳ್ಳು ಹೇಳಿಲ್ಲ. ಇದೆಲ್ಲ ನಡೆದದ್ದು ಲಿಂಗರಾಜಪುರದ ನಮ್ಮ ಮನೆಯ ಟೀವಿಯೊಳಗೆ ಎನ್ನುವಾಗ ಮಾತ್ರ ಸ್ವಲ್ಪ ನಾಚಿಕೆಯಾಗುತ್ತದೆ.

ಐವತ್ತು ದಾಟಿದ, ವಿಮಾ ಕಚೇರಿಯಲ್ಲಿ ಫೈಲು ಹೊರುವ ಹೆಂಗಸಿಗೆ ವಿಡಿಯೋ ಗೇಮ್ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಗಂಡ ದಿನಾ ಕೇಳುತ್ತಾರೆ. ಕಲಿಸಿದವಳು ಮಗಳು. ಆಟ ಶುರುವಾಗುವ ಮೊದಲು ನಾವು ಯಾರಾಗಬೇಕು ಎಂದು ಆರಿಸಬೇಕು: ಕಳ್ಳ, ಮಾಂತ್ರಿಕ, ಬಿಲ್ಲುಗಾರ, ಇಲ್ಲವೇ ಪ್ಯಾಲಡಿನ್. ಪ್ಯಾಲಡಿನ್ ಎಂದರೆ ದೇವರೆದುರು ಪ್ರಮಾಣ ಮಾಡಿ ಕತ್ತಿ ಹಿಡಿದ ಧರ್ಮಯೋಧ. ಅವನು ಸುಳ್ಳು ಹೇಳಿದರೆ ಮೈಮೇಲಿನ ಬೆಳಕು ಆರಿಹೋಗುತ್ತದೆ. ಮಗಳು ಕಳ್ಳಿಯಾಗಿ ಹಾಯಾಗಿ ಜೇಬು ಕತ್ತರಿಸಿಕೊಂಡಿದ್ದಳು. ನಾನು ಹಿಂದೆ ಮುಂದೆ ನೋಡದೆ ಧರ್ಮವನ್ನು ಆರಿಸಿದೆ. "ಬೋರ್ ಕಣಮ್ಮಾ ಅದು!" ಅಂದಳು. ಇಡೀ ದಿನ ಫೋನಿನಲ್ಲಿ "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದು ಹೇಳಿ ಬಂದವಳಿಗೆ ಸಂಜೆ ಒಂದು ಗಂಟೆ ಬರೀ ನಿಜ ಹೇಳುವುದು ಎಂಥ ವಿಶ್ರಾಂತಿ ಎಂದು ಅವಳಿಗೇನು ಗೊತ್ತು!

ಒಂದು ಗುಟ್ಟು ಹೇಳಿಬಿಡುತ್ತೇನೆ. ಪ್ರತಿಯೊಂದು ಧರ್ಮಸಂಕಟಕ್ಕೂ ಮೊದಲು ನಾನು ಆಟವನ್ನು ಸೇವ್ ಮಾಡಿಟ್ಟುಕೊಳ್ಳುತ್ತೇನೆ. ಎಡವಟ್ಟಾದರೆ ಹಿಂದಕ್ಕೆ ಹೋಗಿ ಮತ್ತೆ ಒಳ್ಳೆಯವಳಾಗಬಹುದು. ಇದನ್ನು ಪತ್ತೆ ಹಚ್ಚಿದ ದಿನದಿಂದ ಗಂಡ, "ಪಾಲಿಸಿ ಮಾಡ್ಸಿ ಧರ್ಮ ಕಾಪಾಡೋರನ್ನ ಇದೇ ಮೊದಲು ನೋಡಿದ್ದು ಕಣೇ" ಎಂದು ರೇಗಿಸುತ್ತಲೇ ಇದ್ದಾರೆ.

ಇನ್ನು ರವಿಕೆಯ ವಿಷಯ. ರಿಚರ್ಡ್ಸ್ ಟೌನಿನಲ್ಲಿ, ಒಂದು ಹಳೇ ಮನೆಯ ಕಾರ್ ಶೆಡ್ಡಿನಲ್ಲಿ, ನಸೀಮಾ ಆಪಾ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾರೆ. ಹನ್ನೆರಡು ವರ್ಷದಿಂದ ನನ್ನ ರವಿಕೆಗಳೆಲ್ಲ ಅವರ ಕೈಯವೇ. ನಾನು ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತೇನೆ, ಅವರೂ ನನ್ನನ್ನು ಅಕ್ಕ ಅನ್ನುತ್ತಾರೆ. ನಿಜಕ್ಕೂ ದೊಡ್ಡವರು ಯಾರು ಎಂದು ಇಬ್ಬರೂ ಇನ್ನೂ ಬಾಯಿಬಿಟ್ಟಿಲ್ಲ. ಅವರು ನನಗೆ ಟೇಪು ಹಿಡಿಯುವುದಿಲ್ಲ. ಬಾಗಿಲಲ್ಲಿ ನಿಂತವಳನ್ನು ಒಮ್ಮೆ ನೋಡಿ, "ಈ ಸಲ ಯುಗಾದಿ ಜೋರಾಗಿತ್ತು ಅನ್ಸುತ್ತೆ ಅಕ್ಕಾ, ಅರ್ಧ ಇಂಚು ಬಿಡ್ತೀನಿ" ಅನ್ನುತ್ತಾರೆ. ಅಮ್ಮ ತೀರಿಕೊಂಡಾಗ ನಾನು ಮನಸ್ಸು ಬಿಚ್ಚಿ ಅತ್ತದ್ದು ಆ ಮಿಷನ್ ಪಕ್ಕದಲ್ಲೇ.

ಅಂಥವರಿಗೆ ಸುಳ್ಳು ಹೇಳಿದೆ. ನಾದಿನಿಯ ಮಗಳ ಮದುವೆಗೆ ರೇಷ್ಮೆ ಸೀರೆ ತೆಗೆದುಕೊಂಡು, ರವಿಕೆಯನ್ನು ಇಂದಿರಾನಗರದ ಒಂದು ಎಸಿ ಬುಟಿಕ್ಕಿಗೆ ಕೊಟ್ಟೆ. ತೋಳಿಗೆ ಹೊಸ ಥರದ ಕಟಿಂಗ್, ಮೇಲೆ ಜರಿ ಕಸೂತಿ. ಆಪಾ ಕೇಳಿದರು, "ಮದುವೆಗೆ ಏನೂ ಹೊಲಿಯೋಕೆ ಕೊಡಲ್ವಾ ಅಕ್ಕಾ?" "ಹಳೇ ಸೀರೆನೇ ಉಡ್ತೀನಿ ಆಪಾ" ಅಂದೆ. ನಾಲಿಗೆ ಎಲ್ಲೂ ತಡವರಿಸಲಿಲ್ಲ ನೋಡಿ.

ಬುಟಿಕ್ಕಿನ ರವಿಕೆ ಬಂತು. ತೋಳು ಮೊಣಕೈ ದಾಟಲಿಲ್ಲ! ಸರಿ ಮಾಡಲು ಹತ್ತು ದಿನ ಬೇಕು ಅಂದರು. ಮದುವೆಗೆ ಇದ್ದದ್ದು ನಾಲ್ಕು ದಿನ. ನಾಲ್ಕು ದಿನದಲ್ಲಿ ಅದನ್ನು ಸರಿ ಮಾಡಿಕೊಡಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ. ರವಿಕೆ ಹಾಳಾದರೆ ಹೋಗಲಿ, ಆಪಾ ದೂರವಾದರೆ ನಾನು ಏನು ಮಾಡಲಿ?

ರವಿಕೆಯ ಚೀಲ ಹಿಡಿದು ಆಪಾ ಹತ್ತಿರ ನಡೆಯುವಾಗ ನನಗೆ ನಮ್ಮ ವೀರಗಲ್ಲುಗಳ ನೆನಪಾಯಿತು. ಕೆಳಗೆ ದನ ಕಾಯುತ್ತ ಹೋರಾಡುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಎಷ್ಟು ಸಲೀಸು! ದನ ಕಾದು ಬದುಕಿ ಬಂದು, ಪಕ್ಕದ ಮನೆಯಾಕೆಯ ಮುಂದೆ ನಿಂತು ಹಾಲಿಗೆ ನೀರು ಬೆರೆಸಿದ್ದು ನಾನೇ ಎಂದು ಒಪ್ಪಿಕೊಂಡವನಿಗೆ ಯಾರೂ ಕಲ್ಲು ನೆಡಿಸಿಲ್ಲ.

ಹೋಗಿ ನಿಂತೆ. ಹದಿನೇಳು ಹಳ್ಳಿಗಳ ರಕ್ಷಕಿ ಬಾಯಿ ತೆರೆದಳು: "ನಮ್ಮ ನಾದಿನಿ ಹೊಲಿಸಿ ಕೊಟ್ಬಿಟ್ರು ಆಪಾ, ನಂಗೆ ಗೊತ್ತೇ ಇರ್ಲಿಲ್ಲ."

ಆಪಾ ರವಿಕೆಯನ್ನು ಒಳಮೈ ತಿರುಗಿಸಿ ನೋಡಿದರು. ಕೊರಳಲ್ಲಿದ್ದ ಟೇಪು ತೆಗೆದು, "ಕೈ ಎತ್ತಿ" ಅಂದರು. ಮೊದಲ ಸಲ ಬಂದ ಗಿರಾಕಿಗೆ ಹಿಡಿಯುವ ಹಾಗೆ ನನ್ನ ತೋಳಿಗೆ ಟೇಪು ಹಿಡಿದು, ಪುಸ್ತಕದಲ್ಲಿ ಬರೆದುಕೊಂಡರು.

"ಆಪಾ, ಸುಳ್ಳು ಹೇಳ್ದೆ. ನಾನೇ ಹೋಗಿ ಕೊಟ್ಟಿದ್ದು." ಅಲ್ಲಿಗೆ ನಿಲ್ಲಿಸಬಹುದಿತ್ತು. ಧರ್ಮಯೋಧರಿಗೆ ಎಲ್ಲಿ ನಿಲ್ಲಿಸಬೇಕೆಂದು ಯಾರೂ ಕಲಿಸಿರುವುದಿಲ್ಲ. "ನಿಮ್ಮ ಕಟಿಂಗು ಹಳೇ ಕಾಲದ್ದು ಅನ್ನಿಸ್ತು."

ಆಪಾ ಟೇಪು ಸುತ್ತಿಟ್ಟರು. "ಮೊದಲ್ನೇ ಮಾತು ನಂಗೆ ಆಗ್ಲೇ ಗೊತ್ತಾಗಿತ್ತು ಅಕ್ಕಾ. ಎರಡನೇದು ಹೇಳ್ಲೇಬೇಕಿತ್ತಾ?"

ಆಟದಲ್ಲಿ ನಿಜ ಹೇಳಿದ ಮೇಲೆ ಕುದುರೆ ಹತ್ತಿ ಮುಂದಿನ ಊರಿಗೆ ಹೋಗುತ್ತೇನೆ. ಕೇಳಿಸಿಕೊಂಡವರು ಆಮೇಲೆ ಏನಾದರು ಎಂದು ನಾನು ಒಂದು ಸಲವೂ ನಿಂತು ನೋಡಿಲ್ಲ. ಇಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನೋಡಬೇಕಾಯಿತು. ಆಪಾ ಬೇರೆ ಯಾರದೋ ಚೂಡಿದಾರ್ ಹೊಲಿದರು, ದಾರ ಬದಲಿಸಿದರು, ನೀರು ಕುಡಿದರು. ನನಗೆ ಕೊಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ನನ್ನ ರವಿಕೆಯನ್ನು ಬೆಳಕಿಗೆ ಹಿಡಿದು, ತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಫಿಟಿಂಗ್ ಕೆಡಿಸಿದಾರೆ. ಆದ್ರೆ ಈ ಕಟಿಂಗ್ ಚೆನ್ನಾಗಿದೆ ಅಕ್ಕಾ, ಸುಳ್ಳು ಯಾಕೆ ಹೇಳ್ಲಿ. ನಂಗೆ ಬರಲ್ಲ ಇದು." ನನ್ನ ಮುಖ ನೋಡದೆ ಕೇಳಿದರು, "ಪೂರ್ತಿ ಬಿಚ್ಚಿ ನೋಡ್ಲಾ? ಕಲ್ತ್ಕೋತೀನಿ."

ಬಿಚ್ಚಿದ್ದನ್ನು ಮತ್ತೆ ಕೂಡಿಸಲು ಬರುತ್ತದೆಯೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ನನಗೆ ಗೊತ್ತಿರುವುದು ದೂರದ ಮಾತು.

"ಎರಡೂ ತೋಳು ಬಿಚ್ಚಿ ಆಪಾ" ಅಂದೆ.