ಟಾಕಿಗೆ ಹತ್ತಿದ ಕುಸುಬಿ ಎಣ್ಣೆ

ಮುರುಮ ಊರಿನ ವೀರಭದ್ರನ ಶೆಡ್ಡಿನಲ್ಲಿ ಫೈಬರಿನ ನೀರಿನ ಟಾಕಿ ಮಾಡುತ್ತಾರೆ. ಅಚ್ಚಿನ ಮೇಲೆ ಗಾಜಿನ ನಾರಿನ ಚಾಪೆ ಹಾಸುವುದು ವಿಧವೆ ರಂಭಾಬಾಯಿಯ ಕೆಲಸ. ಅದರ ಮೇಲೆ ಗಂಡಸರು ರಾಳ ಬಳಿಯುತ್ತಾರೆ. ಕಣ್ಣಿಗೆ ಕಾಣದ ಗಾಜಿನ ಮುಳ್ಳು ಅವಳ ಮೊಳಕೈವರೆಗೂ ಚುಚ್ಚಿಕೊಳ್ಳುತ್ತದೆ. ಗಂಡಸರಿಗೆ ಕೈಗವಸು ಉಂಟು, ಹೆಂಗಸರಿಗೆ ಇಲ್ಲ. ಹಣೆತುಂಬ ವಿಭೂತಿ ಬಳಿದು ಬರುವ ವೀರಭದ್ರನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈ ಬೇಸಿಗೆಯಲ್ಲಿ ಉದಗೀರದ ತವರಿನಲ್ಲಿ ಸೊಸೆ ಮೀನಲ ಹೆಣ್ಣು ಹಡೆದಳು. ರಂಭಾಬಾಯಿ ಓಡಿಹೋಗಿ ಕೂಸನ್ನು ಎತ್ತಿಕೊಂಡಳು. ಕೂಸಿನ ಗಲ್ಲದ ಮೇಲೆ ಕೆಂಪಗೆ ದದ್ದು ಎದ್ದಿತು.

"ತೊಟ್ಟಲ ದಿವಸ ಕೈ ನೆಟ್ಟಗ ಮಾಡ್ಕೊಂಡು ಬರ್ರಿ. ಅಲ್ಲೀತನಕ ಮುಟ್ಟಬ್ಯಾಡ್ರಿ," ಎಂದಳು ಮೀನಲ.

ಕೂಸಿಗೆ ಹೆಸರಿಡುವ ತೊಟ್ಟಿಲ ಶಾಸ್ತ್ರಕ್ಕೆ ಇನ್ನೂ ತಿಂಗಳಿತ್ತು. ಚರ್ಮಕ್ಕೆ ಏನೇ ಆದರೂ ಕುಸುಬಿ ಎಣ್ಣೆ ಹಚ್ಚುವುದು ಈ ಕಡೆಯ ರೂಢಿ. ರಂಭಾಬಾಯಿ ದಿನಾ ಬೆಳಗ್ಗೆ ಎರಡೂ ಕೈಗೆ ತಿಕ್ಕಿಕೊಂಡೇ ಕೆಲಸಕ್ಕೆ ಹೋದಳು. ಉರಿ ಇಳಿಯಿತು, ಕೈ ಮೆತ್ತಗಾದವು. ಪಾಪ, ಹಿಗ್ಗಿಬಿಟ್ಟಳು.

ಅಷ್ಟರಲ್ಲಿ ಯೆಣೆಗೂರಿನ ಢಾಬಾದವರು ಒಂದು ಟಾಕಿ ವಾಪಸು ತಂದು ಎಸೆದರು. ನೀರು ತುಂಬಿಸಿದೊಡನೆ ಪದರ ಬಿಟ್ಟು ಸೀಳಿತ್ತು. ವೀರಭದ್ರ ಅವಳ ಕೈ ಹಿಡಿದು ಮೂಸಿ ನೋಡಿದ.

"ನಾರಿನ ಮ್ಯಾಲ ಕಂಪನಿಯವರು ಲೇಪ ಕೊಟ್ಟಿರ್ತಾರ. ಆ ಲೇಪಕ್ಕ ರಾಳ ಹತ್ತಿದರ ಟಾಕಿ ಗಟ್ಟಿ. ನಡುವ ನಿನ್ನ ಎಣ್ಣಿ ಬಂದ್ರ ಹ್ಯಾಂಗ ಹಿಡೀಬೇಕು?"

ಅವನು ಹೇಳಿದ್ದು ಖರೆ. ಅವಳಿಗೂ ಕೈಗವಸು ಕೊಟ್ಟಿದ್ದರೆ ಎಣ್ಣೆ ನಾರಿಗೆ ತಾಗುತ್ತಿರಲಿಲ್ಲ ಎಂಬುದೂ ಖರೆ. ಅದನ್ನು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

"ಮಾಲಕ್ರೀ, ಮೊಮ್ಮಗಳ ತೊಟ್ಟಲ ಅದರೀ. ಅಲ್ಲೀತನಕ ಬ್ಯಾರೆ ಕೆಲಸ ಕೊಡ್ರಿ."

"ಬ್ಯಾರೆ ಕೆಲಸ ಬ್ಯಾರೆ ಕಡಿ ಹುಡುಕ್ಕೋ."

ಮರುದಿನದಿಂದ ಕುಂಚ ತೊಳೆಯುವ ಥಿನ್ನರಿನಲ್ಲಿ ಅವಳ ಕೈ ತೊಳೆಸಿದ. ತಾನೇ ಎದುರು ನಿಂತು ತೊಳೆಸಿದ. ಚರ್ಮ ಒಣಗಿ ಬಿರಿಯಿತು, ಬಿರುಕಿನೊಳಗೆ ಗಾಜು ಹೊಕ್ಕಿತು. ಟಾಕಿಗಳು ಮಾತ್ರ ಗಟ್ಟಿಯಾದವು.

ತೊಟ್ಟಿಲ ದಿನ ಉದಗೀರದಲ್ಲಿ ಹೆಂಗಸರು ತೊಟ್ಟಿಲಿನ ಎರಡೂ ಬದಿಗೆ ನಿಂತು, ಶಾಸ್ತ್ರದಂತೆ ಕೂಸನ್ನು ತೊಟ್ಟಿಲ ಮೇಲಿನಿಂದ ಕೊಟ್ಟು ಕೆಳಗಿನಿಂದ ಇಸಿದುಕೊಳ್ಳತೊಡಗಿದರು. ರಂಭಾಬಾಯಿ ಸೆರಗನ್ನು ಅಂಗೈ ಮೇಲೆ ಹಾಸಿ ಕೈ ಚಾಚಿದಳು. ಸೆರಗಿಗೆ ರಕ್ತದ ಕಲೆ ಹತ್ತಿತ್ತು. ಮೀನಲ ನಡುವೆ ಬಂದು ಕೂಸನ್ನು ತಾನೇ ಇಸಿದುಕೊಂಡು ಆಚೆಯವಳಿಗೆ ಕೊಟ್ಟಳು.

"ನೀವು ಬ್ಯಾಡ್ರಿ ಅತ್ತೀ. ಕೂಸಿಗಿ ಚುಚ್ಚತದ."

ರಂಭಾಬಾಯಿ ಮಗನ ಮುಖ ನೋಡಿದಳು. ನೀಲೇಶ ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದ.

"ಅವ್ವಾ, ಜರಾ ಬಾಜೂಕ ಸರಿ," ಎಂದ. "ಕೂಸು ಕಾಣವಲ್ದು."