ಕೊಬ್ಬರಿ ಮನೆಯ ಚಿಲಕ

ಹೊರಗಿನಿಂದ ಚಿಲಕ ಬೀಳುವ ಸದ್ದು ಕೇಳಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ.

ಬ್ರಿಟಿಷರ ಕಾಲದ ಸಿನಿಮಾವೊಂದರ ಶೂಟಿಂಗು ನಮ್ಮ ಪಕ್ಕದ ತೋಟಕ್ಕೆ ಬಂದಾಗ ನಾನು ತಿಪಟೂರಿನಲ್ಲಿ ಬಿ.ಎ. ಓದುತ್ತಿದ್ದೆ. ಕೂಲಿಯವರ ಗುಂಪಿನಲ್ಲಿ ನಿಲ್ಲಲು ಊರ ಹೆಂಗಸರನ್ನು ಕರೆದರು. ಅವ್ವನ ಜೊತೆ ನಾನೂ ಹೋದೆ. ಫೋನುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿಕೊಂಡರು. ನಿರ್ದೇಶಕರ ಸಹಾಯಕ ನನ್ನ ಮುಖ ನೋಡಿದವನೇ, "ಈಕೆ ಸರಿ" ಎಂದು ಆಚೆ ಕರೆದ. ಬಿಳಿ ದೊರೆ ಎಳೆದೊಯ್ಯುವ ಕೂಲಿ ಹುಡುಗಿಯ ಪಾತ್ರವಂತೆ.

ನಾನು ಮೊದಲೇ ಕಪ್ಪು. ಮೇಕಪ್ಪಿನವನು ಅದರ ಮೇಲೆ ಇನ್ನಷ್ಟು ಕಪ್ಪು ಬಳಿದ. ಕಥೆಯಲ್ಲಿ ಅದೇ ಊರಿನ, ಅದೇ ಬಿಸಿಲಿನ ಹುಡುಗಿಯಾಗಬೇಕಿದ್ದ ನಾಯಕಿ ಮಾತ್ರ ಬೆಳ್ಳಗೆ ಛತ್ರಿ ಕೆಳಗೆ ಕೂತಿದ್ದಳು. ಮಾನ ಹೋಗುವವಳಿಗೊಂದು ಬಣ್ಣ, ಮಾನ ಕಾಯುವವಳಿಗೊಂದು ಬಣ್ಣ! ನನಗೆ ನಗು ಬಂತು. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

"ನಿಮಗೆ ಡೈಲಾಗ್ ಇಲ್ಲ. ಕಟ್ ಅನ್ನೋವರೆಗೂ ಕೂಗ್ಬಾರ್ದು. ಹೊರಗಡೆ ಹೀರೋಯಿನ್ ಕೂಗ್ತಾರೆ," ಎಂದರು ನಿರ್ದೇಶಕರು. ಅವ್ವ ಮತ್ತು ಉಳಿದ ಹೆಂಗಸರು ತಲೆ ತಗ್ಗಿಸಿ ನಿಲ್ಲಬೇಕು, ಅಷ್ಟೆ.

ದೊರೆಯ ಪಾತ್ರಧಾರಿ ಹೊರದೇಶದವನು, ಸಂಕೋಚದ ಮನುಷ್ಯ. ರಿಹರ್ಸಲ್‌ನಲ್ಲಿ ನನ್ನ ಕೈಯನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದಿದ್ದ. ಟೇಕಿನಲ್ಲಿ ನಿರ್ದೇಶಕರು ಹೇಳಿದಂತೆ ಜೋರಾಗಿಯೇ ಎಳೆದ. ಬಳೆ ಒಡೆಯಿತು. ತೋಟದ ಕೊಬ್ಬರಿ ಮನೆಯೊಳಗೆ ಇಬ್ಬರೂ ಹೋದೆವು. ಬಾಗಿಲು ಮುಚ್ಚಿತು. ಹಿಂದೆಯೇ ಹೊರಗಿನ ಚಿಲಕ ಬಿತ್ತು.

ಚಿಲಕ ಹಾಕುವ ಮಾತೇ ಇರಲಿಲ್ಲ. ಆಮೇಲೆ ತಿಳಿಯಿತು: ದೊರೆಯ ಜವಾನನ ವೇಷ ಹಾಕಿದ್ದವನು ಆ ಕೊಬ್ಬರಿ ಮನೆಯನ್ನೇ ನೋಡಿಕೊಳ್ಳುತ್ತಿದ್ದ ಆಳು. ಅಟ್ಟದಲ್ಲಿ ಕಾಯಿ ಒಣಗುತ್ತಿರುವಾಗ ನಮ್ಮ ಕಡೆ ಯಾರೂ ಬಾಗಿಲಿಗೆ ಚಿಲಕ ಹಾಕದೆ ಹೋಗುವುದಿಲ್ಲ, ಇಲಿಗಳು ನುಗ್ಗುತ್ತವೆ. ಅವನ ಕೈ ತಾನಾಗಿ ಚಿಲಕಕ್ಕೆ ಹೋಗಿತ್ತು.

ಒಳಗೆ ಕತ್ತಲೆ. ಆತ ಬಾಗಿಲು ದೂಕಿದ, ಅಲ್ಲಾಡಲಿಲ್ಲ. ಇಂಗ್ಲಿಷಿನಲ್ಲಿ ಏನೋ ಅಂದ. ಆ ಗಾಬರಿಯಲ್ಲಿ ಒಂದಕ್ಷರವೂ ನನ್ನ ತಲೆಗೆ ಹೋಗಲಿಲ್ಲ. ಎರಡೂ ಕೈ ಎತ್ತಿಕೊಂಡು ದೂರದ ಗೋಡೆಗೆ ಹೋಗಿ ನಿಂತ. ಏನೂ ಮಾಡಲಿಲ್ಲ. ಆದರೂ ನನಗೆ ಹೆದರಿಕೆ. ಆ ಬೂಟು, ಸೊಂಟದ ಚಾವಟಿ, ಮುಚ್ಚಿದ ಬಾಗಿಲು. ಇವನು ಒಳ್ಳೆಯವನೆಂದು ಹೆದರಿದ ಮೈಗೆ ಹೇಗೆ ತಿಳಿಸಿ ಹೇಳುವುದು? ಹಿಂದೆ ನಿಜವಾದ ದೊರೆಗಳು ಎಳೆದೊಯ್ದ ಹುಡುಗಿಯರಿಗೆ ಕಟ್ ಅನ್ನುವವರು ಯಾರಿದ್ದರು? ಕೂಗೋಣವೆಂದರೆ ಕೂಗಬಾರದೆಂದು ಹೇಳಿದ್ದಾರೆ. ಆ ಮಾತಿಗೂ ಹೆದರಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅಟ್ಟದಲ್ಲಿ ಇಲಿ ಓಡಿ ಕಾಯೊಂದು ಉರುಳಿತು.

ಹೊರಗೆ ನಾಯಕಿ ದೇಶದ ಬಗ್ಗೆ ಉದ್ದುದ್ದ ಮಾತಾಡುತ್ತಿದ್ದಳು. ಅದರ ನಡುವೆ ಅವ್ವನ ದನಿ ಕೇಳಿತು.

"ಚಿಲ್ಕ ಯಾಕ್ಲಾ ಹಾಕ್ದೆ? ತೆಗೀಲಾ ಬಾಗ್ಲ! ನನ್ ಮಗ್ಳವ್ಳೆ ಒಳ್ಗೆ!"

ತಲೆ ತಗ್ಗಿಸಿ ನಿಂತಿದ್ದರೂ ಅವಳ ಕಿವಿಗೆ ಚಿಲಕದ ಸದ್ದು ಬಿದ್ದಿತ್ತು. ಸಾಲು ಬಿಟ್ಟು ಓಡಿ ಬಂದು ಅವಳೇ ಬಾಗಿಲು ತೆಗೆದಳು.

ಸಿನಿಮಾವನ್ನು ತಿಪಟೂರಿನ ಟಾಕೀಸಿನಲ್ಲಿ ನೋಡಿದೆವು. ಅವ್ವ ಓಡುವುದನ್ನು ಉಳಿಸಿಕೊಂಡಿದ್ದರು. ಬಾಯಿ ತೆರೆದಿದ್ದಾಳೆ, ದನಿಯಿಲ್ಲ, ಪಿಟೀಲು ಕೇಳುತ್ತದೆ. ಮರುಕ್ಷಣ ಚಿಲಕ ತೆಗೆಯುವುದು ನಾಯಕಿಯ ಬೆಳ್ಳನೆಯ ಕೈ. ಜನ ಶಿಳ್ಳೆ ಹೊಡೆದರು. ಅವ್ವ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು.

"ನಾನ್ ಕೂಗಿದ್ನಲ್ಲೇ? ನಿಂಗ್ ಕೇಳಿಸ್ತು ತಾನೆ?"

"ಕೇಳಿಸ್ತು ಕಣವ್ವ," ಅಂದೆ.