ಬೆಣ್ಣೆ ಡಬ್ಬಿಯ ಪಕ್ಕದ ಇನ್ಸುಲಿನ್

ನಮ್ಮ ಅಬ್ಬಾನ ಇನ್ಸುಲಿನ್ ನಮ್ಮ ಮನೆಯಲ್ಲಿ ಇರುವುದಿಲ್ಲ. ಎದುರು ಮನೆಯ ಶಾಂತಾಬಾಯಿ ಕಾಕುವಿನ ಫ್ರಿಜ್ಜಿನಲ್ಲಿ, ಬೆಣ್ಣೆ ಡಬ್ಬಿಯ ಪಕ್ಕ ಇರುತ್ತದೆ.

ಬೇಸಿಗೆಯ ಆಳಂದದಲ್ಲಿ ಗಡಿಗೆಯ ನೀರೇ ಬಿಸಿಯಾಗುತ್ತದೆ, ಇನ್ನು ಔಷಧದ ಮಾತೇನು? ಹಾಗಾಗಿ ಬೆಳಿಗ್ಗೆ, ಸಂಜೆ ಅಮ್ಮಿ ಹೋಗಿ ಎದುರು ಮನೆಯ ಬಾಗಿಲು ತಟ್ಟುತ್ತಾಳೆ. ಕಾಕು ಒಂದು ದಿನವೂ ಮುಖ ಸಿಂಡರಿಸಿದ್ದಿಲ್ಲ. ಆದರೆ ತಟ್ಟುವ ಕೈಗೂ ಒಂದು ಮುಜುಗರ ಇರುತ್ತದಲ್ಲ? ಅಲ್ಲಿ ನೆಂಟರು ಬಂದಿದ್ದರೆ ಅಮ್ಮಿ ಹೊಸ್ತಿಲಾಚೆಯೇ ನಿಂತು ಓಢಣಿಯ ಅಂಚು ತಿರುವುತ್ತಾಳೆ.

ಈ ಸಲ ಬಂದದ್ದು ಮುಜುಗರಕ್ಕಿಂತ ದೊಡ್ಡ ಸಮಸ್ಯೆ. ಕಾಕು ಮಗಳ ಬಾಣಂತನಕ್ಕೆಂದು ಅಫಜಲಪುರದ ಕಡೆಯ ಹವಳಗಾಕ್ಕೆ ಹೊರಟಿದ್ದಳು. ಎರಡು ತಿಂಗಳು ಮನೆಗೆ ಬೀಗ.

"ಇನ್ನ ಸಣ್ಣದರ ಒಂದು ಫ್ರಿಜ್ ಬೇಕೇ ಬೇಕು," ಎಂದಳು ಅಮ್ಮಿ.

ಮೇನ್ ರೋಡಿನ ಶೋರೂಮಿನಲ್ಲಿ ಬೋರ್ಡು ಇತ್ತು: ಅಂಗಡಿಯದೇ ಕ್ರೆಡಿಟ್ ಕಾರ್ಡ್, ಸುಲಭ ಕಂತು. ಬ್ಲೌಸ್ ಹೊಲಿದು ಕೂಡಿಸಿದ ದುಡ್ಡು ಹಿಡಿದು, ಇಸ್ತ್ರಿ ಮಾಡಿದ ಬುರ್ಖಾ ಹಾಕಿಕೊಂಡು ಅಮ್ಮಿ ಹೋದಳು. ಕಾರ್ಡಿನ ಫೀ ಕಟ್ಟಿದಳು. ಪರಿಚಯದವರ ನಂಬರ್ ಕೇಳಿದ್ದಕ್ಕೆ ಶಾಂತಾಬಾಯಿ ಕಾಕುವಿನದು ಕೊಟ್ಟಳು. ಕಾಕುಗೆ ಮಾತ್ರ ಹೇಳಲಿಲ್ಲ. ("ನನ್ನ ಫ್ರಿಜ್ ನಿನಗ ಬ್ಯಾಸರಾತೇನು" ಎಂದು ನೊಂದುಕೊಂಡರೆ?)

ನಾಲ್ಕು ದಿನದ ಮೇಲೆ ಮೆಸೇಜ್ ಬಂತು. ಕ್ಷಮಿಸಿ, ನಿಮ್ಮ ಅರ್ಜಿ ಮಂಜೂರಾಗಿಲ್ಲ. ಅಷ್ಟೇ. ಕಾರಣ ಇಲ್ಲ.

ಕಾರಣವಿಲ್ಲದ ತೀರ್ಪನ್ನು ಒಪ್ಪುವ ಜಾತಿ ನನ್ನದಲ್ಲ. ಕಾಲೇಜಿನ ಡಿಬೇಟ್ ಟೀಮಿನಲ್ಲಿ ಕಲಿತದ್ದೇ ಅದು. ಮರುದಿನ ಶೋರೂಮಿಗೆ ಹೋದೆ. ಕೌಂಟರಿನಲ್ಲಿ ನನ್ನದೇ ವಯಸ್ಸಿನ ಹುಡುಗಿ.

"ಯಾಕ ರಿಜೆಕ್ಟ್ ಆತ್ರಿ?"

"ಸಿಸ್ಟಮ್ ಮಾಡ್ಯಾದರಿ."

"ಸಿಸ್ಟಮ್ ಅಂದ್ರ ಯಾರು?"

"ಮ್ಯಾಲಿನವ್ರು."

ಅವಳು ಮೇಲೆ ನೋಡಿದಳು. ನಾನೂ ನೋಡಿದೆ. (ಫ್ಯಾನ್ ಇತ್ತು.)

"ಫೀ ಆದ್ರೂ ವಾಪಸ್ ಕೊಡ್ರಿ."

"ಅದು ಬರಂಗಿಲ್ಲಕ್ಕಾ." ಆಮೇಲೆ ದನಿ ಇಳಿಸಿದಳು. "ನಂದೂ ರಿಜೆಕ್ಟ್ ಆಗ್ಯಾದ. ನಾ ಇಲ್ಲೇ ಕೆಲಸ ಮಾಡ್ತೀನಿ."

ಎದುರಾಳಿಯೇ ಇಲ್ಲದ ವೇದಿಕೆಯಲ್ಲಿ ವಾದ ಮಾಡುವುದು ಯಾರ ಜೊತೆ?

ಸಂಜೆ ಅಮ್ಮಿ, ನಾನು ಕಾಕುವಿನ ಮನೆಗೆ ಹೋದೆವು. ಕಾಕು ಬಾಣಂತಿಗೆಂದು ಅಂಟಿನುಂಡಿ ಡಬ್ಬಿಗೆ ತುಂಬುತ್ತಿದ್ದಳು. ಅಮ್ಮಿಯನ್ನು ನೋಡಿದ್ದೇ ಶುರು ಮಾಡಿದಳು.

"ಅಲ್ಲಬೇ ಶಹನಾಜ್, ಎಲ್ಲ್ಯರ ಸಾಲ ಮಾಡಿಕೊಂಡೀಯೇನು? ಮೊನ್ನೆ ಯಾವನೋ ಹಿಂದಿಯಾಗ ಫೋನ್ ಮಾಡಿದ್ದ. ಶಹನಾಜ್ ಬೇಗಂ ಗೊತ್ತೇನು, ಮನಿ ಎಲ್ಲದ, ಗಳಿಕಿ ಎಷ್ಟು ಅಂತ. ನಾ ಬಿಡ್ತೀನೇನು? ಆಕಿ ಊರು ಬಿಟ್ಟು ಹೋಗ್ಯಾಳ, ಆಕಿ ಕಡೆ ಒಂದು ಪೈಸಾ ಇಲ್ಲ, ಮತ್ತ ಫೋನ್ ಮಾಡಬ್ಯಾಡ ಅಂದೆ."

ಕಾಕುವಿನ ಮುಖದಲ್ಲಿ ಗೆದ್ದ ಬೆಳಕು. ತಪ್ಪು ಅವಳದಲ್ಲ. ಹೋದ ವರ್ಷ ಸಾಲ ವಸೂಲಿಯವರು ಒಬ್ಬರ ಕಂತಿಗಾಗಿ ಇಡೀ ಓಣಿಗೆ ಫೋನ್ ಮಾಡಿ ಕಾಡಿದ ಮೇಲೆ ನಮ್ಮಲ್ಲಿ ಇದೊಂದು ಕಾನೂನು. ಗುರುತಿಲ್ಲದವರು ನೆರೆಯವರ ಬಗ್ಗೆ ಕೇಳಿದರೆ, ನೆರೆಯವರು ಊರಲ್ಲೇ ಇರುವುದಿಲ್ಲ.

ನಾನು ಬಾಯಿ ತೆರೆದೆ. ಅಮ್ಮಿ ನನ್ನ ಕಾಲು ತುಳಿದಳು.

"ಚಲೋ ಮಾಡಿದಿ ಶಾಂತಾ," ಎಂದಳು. "ಉಳಿಸಿದಿ ನನ್ನ."

ಮನೆಗೆ ಬಂದು ಕೇಳಿದೆ, ಯಾಕೆ ಹೇಳಲಿಲ್ಲ ಅಂತ.

"ಮಗಳ ಬಾಣಂತನಕ್ಕ ಹೊಂಟಾಳ. ಮನಸಿನ್ಯಾಗ ಮುಳ್ಳು ಇಟ್ಕೊಂಡು ಹೋಗಬೇಕೇನು, ಬೇಟಾ?"

(ಇದು ಅಚ್ಚಾಗುವುದು ಪೇಪರಿನಲ್ಲಿ; ಕಾಕುವಿಗೆ ಪೇಪರ್ ಓದುವ ಅಭ್ಯಾಸ ಇಲ್ಲ. ಇರುವವರು ದಯವಿಟ್ಟು ಓದಿ ಹೇಳಬೇಡಿ.)

ಈಗ ನನ್ನ ವಾದ. ಕಾಕುವಿನ ಮಾತಿನಿಂದಲೇ ಅರ್ಜಿ ಬಿತ್ತಾ? ಪುರಾವೆ ಇಲ್ಲ. ಅಮ್ಮಿ ಜನ್ಮದಲ್ಲಿ ಸಾಲ ಮಾಡಿಲ್ಲ, ಅದಕ್ಕೇ ಇರಬಹುದು. ಹೊಲಿಗೆಗೆ ಸ್ಯಾಲರಿ ಸ್ಲಿಪ್ ಇಲ್ಲ, ಅದಕ್ಕೂ ಇರಬಹುದು. ಅಥವಾ ನಮ್ಮ ಓಣಿಯ ಹೆಸರೇ ಅವರಿಗೆ ಹಿಡಿಸಿರಲಿಕ್ಕಿಲ್ಲ. ಕಾರಣ ಹೇಳದವರ ದೊಡ್ಡ ಅನ್ಯಾಯ ದುಡ್ಡು ಕೊಡದೇ ಇರುವುದಲ್ಲ. ನಮಗೋಸ್ಕರ ಸುಳ್ಳು ಹೇಳಿದ ಪ್ರೀತಿಯನ್ನೇ ನಾವು ಅನುಮಾನಿಸುವಂತೆ ಮಾಡುತ್ತಾರಲ್ಲ, ಅದು.

ಮರುದಿನ ಬೆಳಿಗ್ಗೆ ಆಟೋ ಬಂತು. ಅಮ್ಮಿ ಇನ್ಸುಲಿನ್ ತರಲು ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. (ಅದನ್ನು ಎಲ್ಲಿ ಇಡುವುದು ಎಂದು ಅವಳಿಗೂ ಗೊತ್ತಿರಲಿಲ್ಲ.) ಕಾಕು ಡಬ್ಬಿ ನೋಡಿದಳು, ಅಮ್ಮಿಯನ್ನು ನೋಡಿದಳು.

"ಇದ್ಯಾಕ ತಂದಿ? ಮನಿಗೆ ಕೀಲಿ ಹಾಕಿದ್ರ ನಿನಗೂ ಹಾಕಿದಂಗೇನು?"

ಸೊಂಟದಿಂದ ಕೀಲಿಗೊಂಚಲು ತೆಗೆದು ಅಮ್ಮಿಯ ಕೈಗೆ ಹಾಕಿದಳು. "ಫ್ರಿಜ್ ಚಾಲೂ ಬಿಟ್ಟೀನಿ. ಬೆಣ್ಣಿ ತಿಂದು ಖಾಲಿ ಮಾಡ್ರಿ. ಟ್ರಂಕಿನ ಕೀಲಿನೂ ಇದರಾಗ ಅದ, ಕಳೀಬ್ಯಾಡ."

"ಕರೆಂಟ್ ಬಿಲ್ ನಾ ಕಟ್ತೀನಿ ಶಾಂತಾ."

"ಸುಮ್ಕಿರಬೇ," ಎಂದು ಕಾಕು ಆಟೋ ಹತ್ತಿದಳು.

ಇದರಿಂದ ಕಂಪನಿಯ ಲೆಕ್ಕ ಚುಕ್ತಾ ಆಗಲಿಲ್ಲ. ಅಮ್ಮಿಗೆ ಬೇಕಿದ್ದದ್ದು ತನ್ನದೇ ಫ್ರಿಜ್, ಅದು ಸಿಗಲಿಲ್ಲ. ಫೀ ವಾಪಸ್ ಕೇಳಿ ನಾನು ಬರೆದ ದೂರಿಗೆ ಉತ್ತರವೂ ಬಂದಿಲ್ಲ. ಬೆಳಿಗ್ಗೆ, ಸಂಜೆ ಅಮ್ಮಿ ಈಗಲೂ ಎದುರು ಮನೆಗೇ ಹೋಗುತ್ತಾಳೆ. ಆದರೆ ತಟ್ಟುವುದಿಲ್ಲ, ತೆರೆಯುತ್ತಾಳೆ.

ಕಂಪನಿಯವರೇ, ಕಾಕು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡಿರಿ ಸರಿ, ಅವಳು ಕೊಟ್ಟ ಕೀಲಿಗೊಂಚಲನ್ನು ಅರ್ಜಿಯ ಯಾವ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತೀರಿ?